ಗಾಳದ ಮೀನುಗಾರಿಕೆ: ಕೋಲು, ರೀಲು ಮತ್ತು ದಾರದ ಆಯ್ಕೆ
(ಸಾರ್ವಜನಿಕರ ಹಾಗೂ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ಹವ್ಯಾಸಕ್ಕಾಗಿ ಗಾಳ ಹಾಕಲು ಅನುಮತಿ ಕೋರುವ ಸಾರ್ವಜನಿಕರಲ್ಲಿ ಹೆಚ್ಚಿನವರು ಮೊದಲು ಸಲಕರಣೆಗಳನ್ನು ಖರೀದಿಸಿ ಅನಂತರ ನಿಯಮಗಳನ್ನು ವಿಚಾರಿಸುವುದು ಕಂಡುಬರುತ್ತದೆ. ಮಾರುಕಟ್ಟೆಯಲ್ಲಿ ದೊರೆಯುವ ಕೋಲು ಮತ್ತು ರೀಲುಗಳಲ್ಲಿ ಬಹುಪಾಲು ಅಮೆರಿಕದ ಬಾಸ್ ಮೀನಿನ ಬೇಟೆಗಾಗಿ ರೂಪುಗೊಂಡ ಮಾದರಿಗಳಾಗಿವೆ. ಅವು ಕೆರೆಯ ಕೊರವ ಮೀನಿಗೆ ಚೆನ್ನಾಗಿ ಒಪ್ಪುತ್ತವೆ. ಕಾವೇರಿಯ ಬಂಡೆಗಳ ನಡುವಿನ ಮಹಶೀರ್ ಮೀನಿಗೆ ಒಪ್ಪುವುದಿಲ್ಲ. ಈ ವ್ಯತ್ಯಾಸವನ್ನು ಅರಿಯದೆ ಮಾಡಿದ ಖರೀದಿಯಿಂದ ಹಣ ವ್ಯರ್ಥವಾಗುವುದಲ್ಲದೆ, ದಾರ ಹರಿದು ಗಾಳವನ್ನು ಬಾಯಲ್ಲಿ ಹೊತ್ತ ಮೀನು ನರಳಿ ಸಾಯುವ ಸಂಭವವಿರುತ್ತದೆ. ಆದ್ದರಿಂದ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಬಾಸ್ ಮತ್ತು ಮಹಶೀರ್: ಸಲಕರಣೆ ಬೇರೆಯಾಗಲು ಕಾರಣ

ಲಾರ್ಜ್‌ಮೌತ್ ಬಾಸ್ ಉತ್ತರ ಅಮೆರಿಕದ ಪೂರ್ವಭಾಗದ ಸಿಹಿನೀರಿನ ಮೀನು. ಜೊಂಡು, ಮುಳುಗಿದ ಮರ ಮತ್ತು ಎಲೆಗಳ ಮರೆಯಲ್ಲಿ ಹೊಂಚು ಹಾಕಿ ಕುಳಿತು ಬೇಟೆಯಾಡುತ್ತದೆ. 1932ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರಿ ಹಿಡಿದ ಬಾಸ್ ಸುಮಾರು 10 ಕಿಲೋಗ್ರಾಂ ತೂಗಿತ್ತು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದ ಮೀನು ಆ ದಾಖಲೆಯನ್ನು ಸರಿಗಟ್ಟಿತು. ಅಂದರೆ ಈ ಜಾತಿಯ ಅತಿ ದೊಡ್ಡ ಮೀನೂ 10 ಕಿಲೋಗ್ರಾಂ ಆಸುಪಾಸಿನದು. ಹೋರಾಟ ಅಲ್ಪಕಾಲದ್ದು, ಓಟ ಕೆಲವೇ ಮೀಟರುಗಳದ್ದು.

ಕಾವೇರಿ ಜಲಾನಯನದ ಡುಬ್ಬದ ಮಹಶೀರ್ ಇದಕ್ಕೆ ಪೂರ್ಣ ಭಿನ್ನವಾದುದು. 1946ರಲ್ಲಿ ಕಬಿನಿ ನದಿಯಲ್ಲಿ ವ್ಯಾನ್ ಇಂಗೆನ್ ಕುಟುಂಬದ ಸದಸ್ಯರೊಬ್ಬರು ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋಗ್ರಾಂ ತೂಗಿತ್ತು. ಗಾಳ ಸಿಕ್ಕಿದೊಡನೆ ಈ ಮೀನು ರಭಸದ ಹರಿವಿನೊಂದಿಗೆ ಬಹುದೂರ ಓಡಿ ಬಂಡೆಗಳ ಸಂದಿಯನ್ನು ಸೇರುತ್ತದೆ. ಕಾವೇರಿ ಜಲಾನಯನವನ್ನು ಬಿಟ್ಟರೆ ಬೇರೆಲ್ಲಿಯೂ ಇಲ್ಲದ ಈ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಸಲ್ಲುವುದೆಂದು 2018ರಲ್ಲಿ ಖಚಿತವಾಯಿತು. ಅದೇ ವರ್ಷ ಇದನ್ನು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ 'ಅತ್ಯಂತ ಅಪಾಯದ ಅಂಚಿನಲ್ಲಿರುವ' ಪ್ರಭೇದವೆಂದು ಸೇರಿಸಲಾಯಿತು. ಇಂತಹ ಮೀನು ಗಾಳಕ್ಕೆ ಸಿಕ್ಕಿದಾಗ ಅದನ್ನು ಬೇಗನೆ ದಡಕ್ಕೆ ತಂದು ಜೀವಂತವಾಗಿ ಬಿಡುವುದು ಸಲಕರಣೆಯ ಮೊದಲ ಅರ್ಹತೆಯಾಗಿರತಕ್ಕದ್ದು.

(ಗಮನಿಸಿ: ಕರಾವಳಿಯಲ್ಲಿ ಸೀಬಾಸ್ ಎಂದು ಮಾರಾಟವಾಗುವ ಮೀನು ಬೇರೆ ಕುಟುಂಬದ್ದು. ಅಮೆರಿಕದ ಬಾಸ್ ಮೀನಿಗೂ ಅದಕ್ಕೂ ಸಂಬಂಧವಿಲ್ಲ.)

3. ಕೋಲಿನ ಆಯ್ಕೆ

ಪ್ರತಿ ಕೋಲಿನ ಹಿಡಿಕೆಯ ಮೇಲ್ಭಾಗದಲ್ಲಿ ಅದರ ವಿವರ ಮುದ್ರಿತವಾಗಿರುತ್ತದೆ. ಉದಾಹರಣೆಗೆ: '7 ಅಡಿ, ಮೀಡಿಯಂ ಹೆವಿ, ಫಾಸ್ಟ್, 10–20 ಪೌಂಡ್, 1/4–3/4 ಔನ್ಸ್'. ಇದನ್ನು ಹೀಗೆ ಓದಿಕೊಳ್ಳಬೇಕು.

ಅ) ಉದ್ದ: ಕೋಲು ಉದ್ದವಾದಷ್ಟೂ ಎಸೆತ ದೂರ ಹೋಗುತ್ತದೆ ಮತ್ತು ದಾರವನ್ನು ಬಂಡೆಗಳಿಂದ ಮೇಲೆತ್ತಿ ಹಿಡಿಯಬಹುದು. ಚಿಕ್ಕ ಕೋಲಿನಿಂದ ಗುರಿ ನಿಖರವಾಗಿರುತ್ತದೆ. ಕೆರೆಯ ಅಂಚಿಗೆ, ಹರಿಗೋಲಿಗೆ 6½ರಿಂದ 7 ಅಡಿ ಸಾಕು. ನದಿಯ ದಡದಿಂದ ಹಾಕುವವರಿಗೆ 9ರಿಂದ 11 ಅಡಿ ಬೇಕಾಗುತ್ತದೆ.

ಆ) ಬಲ: 'ಲೈಟ್', 'ಮೀಡಿಯಂ', 'ಹೆವಿ' ಎಂಬ ಪದಗಳು ಕೋಲು ಎಷ್ಟು ಭಾರಕ್ಕೆ ಬಾಗುತ್ತದೆ ಎಂಬುದನ್ನು ಸೂಚಿಸುತ್ತವೆ. ಇವಕ್ಕೆ ಎಲ್ಲ ತಯಾರಕರಿಗೂ ಸಮಾನವಾದ ಅಳತೆಯಿಲ್ಲ. ಆದುದರಿಂದ ಪದಕ್ಕಿಂತ ಅದರ ಮುಂದಿರುವ ಅಂಕಿಗಳನ್ನೇ ನಂಬುವುದು ಕ್ಷೇಮ.

ಇ) ಬಾಗುವ ರೀತಿ: 'ಫಾಸ್ಟ್' ಎಂದರೆ ತುದಿಯ ಭಾಗ ಮಾತ್ರ ಬಾಗುವ ಕೋಲು. ಗಾಳವನ್ನು ಥಟ್ಟನೆ ನಾಟಿಸಲು ಇದು ಅನುಕೂಲ. 'ಮಾಡರೇಟ್' ಎಂದರೆ ನಡುವಿನವರೆಗೆ ಬಾಗುವ ಕೋಲು. ದೊಡ್ಡ ಮೀನಿನ ಜಗ್ಗಾಟವನ್ನು ಇದು ತಾನೇ ಹೀರಿಕೊಂಡು ದಾರವನ್ನು ಕಾಯುತ್ತದೆ.

ಈ) ದಾರ ಮತ್ತು ಆಮಿಷದ ತೂಕ: ಮೇಲಿನ ಉದಾಹರಣೆಯ ಕೋಲು 4.5ರಿಂದ 9 ಕಿಲೋಗ್ರಾಂ ಬಲದ ದಾರಕ್ಕೆ ಮತ್ತು 7ರಿಂದ 21 ಗ್ರಾಂ ತೂಕದ ಆಮಿಷಕ್ಕೆ ತಕ್ಕುದು. ದೊಡ್ಡ ರಾಗಿ ಮುದ್ದೆಯ ಉಂಡೆ ಮತ್ತು ಸೀಸದ ಗುಂಡು ಸೇರಿ 100 ಗ್ರಾಂ ಮೀರಿದರೆ ಎಸೆಯುವಾಗಲೇ ಇಂತಹ ಕೋಲು ಮುರಿಯಬಹುದು.

ಉ) ವಸ್ತು: ಗಾಜಿನ ನಾರಿನ ಕೋಲು ತೂಕ ಹೆಚ್ಚಾದರೂ ಒರಟು ಬಳಕೆಯನ್ನು ತಾಳುತ್ತದೆ. ಕಾರ್ಬನ್ ಕೋಲು ಹಗುರವಾಗಿದ್ದು ಮೀನಿನ ಸಣ್ಣ ಸ್ಪರ್ಶವನ್ನೂ ಕೈಗೆ ತಿಳಿಸುತ್ತದೆ. ಆದರೆ ಬಂಡೆಗೆ ಬಡಿದರೆ ಬಿರುಕು ಬಿಡುತ್ತದೆ. ಹೊಸಬರಿಗೆ ಗಾಜಿನ ನಾರಿನ ಅಥವಾ ಮಿಶ್ರ ಕೋಲು ಸೂಕ್ತ.

ಎಚ್ಚರಿಕೆ: ಕಾರ್ಬನ್ ವಿದ್ಯುತ್ ವಾಹಕವಾಗಿದೆ. ವಿದ್ಯುತ್ ತಂತಿಗಳು ಹಾದುಹೋಗುವ ಕೆರೆ ಏರಿಯ ಮೇಲೆ ಹಾಗೂ ಗುಡುಗು ಮಿಂಚಿನ ಸಮಯದಲ್ಲಿ ಕೋಲನ್ನು ಎತ್ತಿ ಹಿಡಿಯಕೂಡದು.

4. ರೀಲಿನ ಆಯ್ಕೆ

ಅ) ಸ್ಪಿನ್ನಿಂಗ್ ರೀಲು: ಕೋಲಿನ ಕೆಳಗೆ ತೂಗುತ್ತದೆ, ಸುರುಳಿ ತಿರುಗುವುದಿಲ್ಲ. ಕಲಿಯುವುದು ಸುಲಭ. ಹೊಸ ಅರ್ಜಿದಾರರಿಗೆ ಇದೇ ಸೂಕ್ತ.

ಆ) ಬೈಟ್‌ಕಾಸ್ಟಿಂಗ್ ರೀಲು: ಕೋಲಿನ ಮೇಲೆ ಕೂರುತ್ತದೆ, ಎಸೆದಾಗ ಸುರುಳಿಯೇ ತಿರುಗುತ್ತದೆ. ಬಾಸ್ ಬೇಟೆಯಲ್ಲಿ ಹೆಚ್ಚು ಬಳಕೆಯಲ್ಲಿದೆ. ಹೆಬ್ಬೆರಳಿನಿಂದ ಸುರುಳಿಯನ್ನು ತಡೆಯಲು ಅಭ್ಯಾಸವಾಗುವವರೆಗೆ ದಾರ ಗೂಡುಕಟ್ಟಿಕೊಳ್ಳುತ್ತದೆ.

ರೀಲಿನ ಗಾತ್ರವನ್ನು ಸಾಮಾನ್ಯವಾಗಿ 1000ದಿಂದ 10000ದವರೆಗಿನ ಅಂಕಿಯಿಂದ ಗುರುತಿಸಲಾಗುತ್ತದೆ. ಕೊರವ ಮೀನಿಗೆ 3000 ಅಥವಾ 4000, ನದಿಯ ದೊಡ್ಡ ಮೀನಿಗೆ 6000ಕ್ಕಿಂತ ಮೇಲ್ಪಟ್ಟ ಗಾತ್ರ ಬೇಕು. '5.2:1' ಎಂಬ ಅಂಕಿಯು ಹಿಡಿಯನ್ನು ಒಂದು ಸುತ್ತು ತಿರುಗಿಸಿದಾಗ ದಾರ 5.2 ಸುತ್ತು ಸುತ್ತಿಕೊಳ್ಳುವುದನ್ನು ಸೂಚಿಸುತ್ತದೆ. ಈ ಅಂಕಿ ಕಡಿಮೆಯಾದಷ್ಟೂ ಎಳೆಯುವ ಶಕ್ತಿ ಹೆಚ್ಚು, ವೇಗ ಕಡಿಮೆ.

ದಾರದ ಸಾಮರ್ಥ್ಯದ ಲೆಕ್ಕ: ರೀಲಿನ ಮೇಲೆ '0.40 ಮಿ.ಮೀ. – 250 ಮೀ.' ಎಂದಿದ್ದಲ್ಲಿ ಅದಕ್ಕೆ 0.50 ಮಿ.ಮೀ. ದಾರವೂ 250 ಮೀಟರ್ ಹಿಡಿಯುವುದೆಂದು ಭಾವಿಸಬಾರದು. ದಾರದ ವ್ಯಾಸದ ವರ್ಗಕ್ಕನುಗುಣವಾಗಿ ಉದ್ದ ಕುಗ್ಗುತ್ತದೆ: 250 × (0.16 ÷ 0.25) = 160 ಮೀಟರ್. ಕಾವೇರಿಯಂತಹ ನದಿಯಲ್ಲಿ 200 ಮೀಟರಿಗಿಂತ ಕಡಿಮೆ ದಾರವಿದ್ದರೆ ಮೀನಿನ ಒಂದೇ ಓಟಕ್ಕೆ ಸುರುಳಿ ಬರಿದಾಗಬಹುದು.

ಡ್ರ್ಯಾಗ್: ಮೀನು ಜಗ್ಗಿದಾಗ ನಿಗದಿತ ಬಲಕ್ಕೆ ಮೀರಿದರೆ ದಾರವನ್ನು ಸಡಿಲಿಸುವ ವ್ಯವಸ್ಥೆಗೆ ಡ್ರ್ಯಾಗ್ ಎಂದು ಹೆಸರು. ರೀಲಿನ ಅತಿ ಮುಖ್ಯ ಭಾಗವಿದು. ದಾರದ ಬಲದ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗಕ್ಕೆ ಇದನ್ನು ಹೊಂದಿಸಬೇಕು. ದಾರ 12 ಕಿಲೋಗ್ರಾಂ ಬಲದ್ದಾದರೆ, ಅದರ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದಾಗ 3ರಿಂದ 4 ಕಿಲೋಗ್ರಾಂಗೆ ದಾರ ಬಿಚ್ಚಿಕೊಳ್ಳತಕ್ಕದ್ದು. ಅಂಗಡಿಯಲ್ಲಿ ಖರೀದಿಸುವಾಗ ದಾರವನ್ನು ನಿಧಾನವಾಗಿ ಎಳೆದು ನೋಡಬೇಕು. ಅದು ತಡೆತಡೆದು ಬಂದರೆ ಆ ರೀಲನ್ನು ಕೊಳ್ಳಬಾರದು.

5. ದಾರದ ಆಯ್ಕೆ

ಅ) ನೈಲಾನ್ ದಾರ (ಜನಬಳಕೆಯಲ್ಲಿ ತಂಗೂಸಿ): ಬೆಲೆ ಕಡಿಮೆ. ಎಳೆದಾಗ ಹಿಗ್ಗುವುದರಿಂದ ಮೀನಿನ ಹಠಾತ್ ಜಗ್ಗನ್ನು ತಾಳುತ್ತದೆ. ಬಂಡೆಯ ಉಜ್ಜುವಿಕೆಯನ್ನು ಸಾಕಷ್ಟು ಸಹಿಸುತ್ತದೆ. ಬಿಸಿಲಿಗೆ ಕ್ರಮೇಣ ಬಲ ಕಳೆದುಕೊಳ್ಳುವುದರಿಂದ ಪ್ರತಿ ಋತುವಿಗೂ ಬದಲಾಯಿಸಬೇಕು.

ಆ) ಫ್ಲೋರೋಕಾರ್ಬನ್ ದಾರ: ನೀರಿನಲ್ಲಿ ಮುಳುಗುತ್ತದೆ. ಬೆಳಕನ್ನು ಬಾಗಿಸುವ ಗುಣದಲ್ಲಿ ನೈಲಾನಿಗಿಂತ ನೀರಿಗೆ ಹತ್ತಿರವಿರುವುದರಿಂದ ಮೀನಿಗೆ ಅಷ್ಟಾಗಿ ಕಾಣಿಸದು. ಬೆಲೆ ಹೆಚ್ಚಾದುದರಿಂದ ಗಾಳದ ಮುಂದಿನ ಒಂದೆರಡು ಮೀಟರಿಗೆ ಮಾತ್ರ ಬಳಸುವುದು ವಾಡಿಕೆ.

ಇ) ಹೆಣೆದ ದಾರ: ಅತಿ ತೆಳುವಾಗಿದ್ದರೂ ಬಹಳ ಬಲವುಳ್ಳದ್ದು, ಹಿಗ್ಗುವುದಿಲ್ಲ. ಜೊಂಡನ್ನು ಕತ್ತರಿಸಿಕೊಂಡು ಬರುವುದರಿಂದ ಕೆರೆಗೆ ಉತ್ತಮ. ಆದರೆ ಬಂಡೆಯ ಅಂಚಿಗೆ ತಾಗಿದರೆ ಬೇಗ ತುಂಡಾಗುತ್ತದೆ. ಬಿಗಿಯಾದ ದಾರವನ್ನು ಬರಿಗೈಯಿಂದ ಹಿಡಿದರೆ ಬೆರಳು ಕೊಯ್ಯುವ ಅಪಾಯವಿದೆ. ಬರಿಯ ಸುರುಳಿಯ ಮೇಲೆ ಇದು ಜಾರುವುದರಿಂದ ಮೊದಲು ಕೆಲವು ಮೀಟರ್ ನೈಲಾನ್ ದಾರವನ್ನು ಸುತ್ತಿಕೊಳ್ಳಬೇಕು.

ಯಾವುದೇ ದಾರದ ಬಲ ಅದರ ಗಂಟಿನಷ್ಟೇ. ಗಂಟನ್ನು ಬಿಗಿಗೊಳಿಸುವ ಮುನ್ನ ನೀರಿನಿಂದ ಒದ್ದೆ ಮಾಡದಿದ್ದರೆ ಉಜ್ಜುವಿಕೆಯ ಬಿಸಿಗೆ ನೈಲಾನ್ ದುರ್ಬಲವಾಗುತ್ತದೆ. ಸುರುಳಿಯನ್ನು ಅಂಚಿಗಿಂತ 2–3 ಮಿ.ಮೀ. ಕೆಳಗಿನವರೆಗೆ ಮಾತ್ರ ತುಂಬಿಸತಕ್ಕದ್ದು.

6. ಸಂದರ್ಭಕ್ಕೆ ತಕ್ಕ ಜೋಡಣೆ

ಅ) ಕೆರೆಯ ಗೆಂಡೆ ಮತ್ತು ಸಣ್ಣ ಮೀನುಗಳು: 6–7 ಅಡಿಯ ಲೈಟ್ ಕೋಲು, 2000ದ ರೀಲು, 2–4 ಕಿಲೋಗ್ರಾಂ ನೈಲಾನ್ ದಾರ, ಬೆಂಡು, ಎರೆಹುಳು.

ಆ) ಜೊಂಡಿನ ನಡುವಿನ ಕೊರವ: 7 ಅಡಿಯ ಮೀಡಿಯಂ ಹೆವಿ ಬಾಸ್ ಕೋಲು, 3000–4000ದ ಅಥವಾ ಬೈಟ್‌ಕಾಸ್ಟಿಂಗ್ ರೀಲು, 15–20 ಕಿಲೋಗ್ರಾಂ ಹೆಣೆದ ದಾರ, ಕಪ್ಪೆಯಾಕಾರದ ಕೃತಕ ಆಮಿಷ.

ಇ) ಜಲಾಶಯದ ಕಾಟ್ಲಾ, ರೋಹು: 8–10 ಅಡಿಯ ಮೀಡಿಯಂ ಕೋಲು, 5000ದ ರೀಲು, 7–9 ಕಿಲೋಗ್ರಾಂ ನೈಲಾನ್ ದಾರ.

ಈ) ಅನುಮತಿಯುಳ್ಳ ನದಿಭಾಗದ ಮಹಶೀರ್: 9–11 ಅಡಿಯ ಹೆವಿ, ನಡುವಿನವರೆಗೆ ಬಾಗುವ ಕೋಲು, 6000–10000ದ ರೀಲು, 15–20 ಕಿಲೋಗ್ರಾಂ ಬಲದ 200 ಮೀಟರಿಗೂ ಹೆಚ್ಚು ನೈಲಾನ್ ದಾರ. ಸೀಸದ ಗುಂಡನ್ನು ಮುಖ್ಯ ದಾರಕ್ಕಿಂತ ದುರ್ಬಲವಾದ ತುಂಡು ದಾರದಿಂದ ಕಟ್ಟಬೇಕು. ಗುಂಡು ಬಂಡೆಗೆ ಸಿಕ್ಕಿದಾಗ ಆ ತುಂಡು ಮಾತ್ರ ಹರಿದು ಮೀನು ಕೈತಪ್ಪದೆ ಉಳಿಯುತ್ತದೆ.

7. ಖರೀದಿಯ ಆದ್ಯತೆ

ಹಣ ಮಿತವಾಗಿದ್ದಲ್ಲಿ ಮೊದಲು ಉತ್ತಮ ದಾರಕ್ಕೆ, ಅನಂತರ ರೀಲಿನ ಡ್ರ್ಯಾಗಿಗೆ, ಕೊನೆಯಲ್ಲಿ ಕೋಲಿಗೆ ವೆಚ್ಚ ಮಾಡುವುದು ಉಚಿತ. ಹೆಚ್ಚು ಬೆಲೆಯ ಕೋಲಿಗೆ ಹಳೆಯ ದಾರ ಕಟ್ಟಿದರೆ ಹರಿಯುವುದು ದಾರವೇ. ಕೋಲು, ರೀಲು ಮತ್ತು ದಾರ ಈ ಮೂರರ ಮೇಲಿನ ಅಂಕಿಗಳು ಪರಸ್ಪರ ಹೊಂದಿರತಕ್ಕದ್ದು.

8. ಮೀನನ್ನು ಜೀವಂತವಾಗಿ ಬಿಡುವ ಬಗ್ಗೆ

ತೆಳು ದಾರದಿಂದ ದೊಡ್ಡ ಮೀನನ್ನು ದೀರ್ಘಕಾಲ ಆಡಿಸುವುದು ಕೌಶಲ್ಯವೆಂಬ ಭಾವನೆ ಕೆಲವರಲ್ಲಿದೆ. ಇದು ಸರಿಯಲ್ಲ. ಹೆಚ್ಚು ಹೊತ್ತು ಹೋರಾಡಿದ ಮೀನು ಬಿಟ್ಟ ಬಳಿಕ ಈಜಿ ಹೋದರೂ ದಣಿವಿನಿಂದ ಸಾಯಬಹುದು. ಬೇಸಿಗೆಯ ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ ಈ ಅಪಾಯ ಇನ್ನೂ ಹೆಚ್ಚು. ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿದ ಗಾಳವನ್ನು ಬಳಸಿ, ಮೀನನ್ನು ನೀರಿನಲ್ಲಿಯೇ ಇರಿಸಿ, ಒದ್ದೆ ಕೈಯಿಂದ ಗಾಳ ಬಿಡಿಸಿ, ಅದು ತಾನಾಗಿ ಈಜುವವರೆಗೆ ಹರಿವಿಗೆ ಎದುರಾಗಿ ಹಿಡಿದು ನಿಲ್ಲಬೇಕು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಒಂದೇ ಕೋಲಿನಿಂದ ಕೆರೆ, ನದಿ ಎರಡಕ್ಕೂ ಸಾಧ್ಯವೇ?
ಉತ್ತರ: 8 ಅಡಿಯ ಮೀಡಿಯಂ ಕೋಲು ಕೆರೆ ಮತ್ತು ಜಲಾಶಯಕ್ಕೆ ಸಾಕಾಗುತ್ತದೆ. ಮಹಶೀರ್ ಇರುವ ನದಿಭಾಗಕ್ಕೆ ಪ್ರತ್ಯೇಕ ಸಲಕರಣೆ ಅಗತ್ಯ.

ಪ್ರಶ್ನೆ: ಸಲಕರಣೆ ಇದ್ದರೆ ಎಲ್ಲಿ ಬೇಕಾದರೂ ಗಾಳ ಹಾಕಬಹುದೇ?
ಉತ್ತರ: ಇಲ್ಲ. ಅನೇಕ ಕೆರೆಗಳ ಮೀನಿನ ಹಕ್ಕು ಗುತ್ತಿಗೆದಾರರಿಗೆ ಅಥವಾ ಮೀನುಗಾರರ ಸಹಕಾರ ಸಂಘಗಳಿಗೆ ಸೇರಿರುತ್ತದೆ. ಕಾವೇರಿ ವನ್ಯಜೀವಿಧಾಮವೂ ಸೇರಿದಂತೆ ಸಂರಕ್ಷಿತ ಪ್ರದೇಶಗಳಿಗೆ 1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮ ಅನ್ವಯಿಸುತ್ತದೆ. ಅಲ್ಲಿ ಅನುಮತಿಯಿಲ್ಲದೆ ಗಾಳ ಹಾಕುವುದು ಶಿಕ್ಷಾರ್ಹವಾಗಿದೆ.

ಪ್ರಶ್ನೆ: ತುಂಡಾದ ದಾರವನ್ನು ಏನು ಮಾಡಬೇಕು?
ಉತ್ತರ: ನೀರಿಗಾಗಲೀ ದಡಕ್ಕಾಗಲೀ ಎಸೆಯಬಾರದು. ಹಕ್ಕಿ, ಆಮೆ, ನೀರುನಾಯಿಗಳ ಕಾಲು ಕೊರಳಿಗೆ ಸುತ್ತಿಕೊಳ್ಳುತ್ತದೆ. ಸಣ್ಣದಾಗಿ ಕತ್ತರಿಸಿ ಮನೆಗೆ ತಂದು ಕಸದೊಂದಿಗೆ ವಿಲೇವಾರಿ ಮಾಡತಕ್ಕದ್ದು.

10. ಸೂಚನೆ

ಸಲಕರಣೆ ಖರೀದಿಸುವ ಮುನ್ನ, ಗಾಳ ಹಾಕಲು ಉದ್ದೇಶಿಸಿರುವ ಕೆರೆ ಅಥವಾ ನದಿಭಾಗ ಯಾರ ಹಕ್ಕಿನಲ್ಲಿದೆ, ಅಲ್ಲಿ ಅವಕಾಶವಿದೆಯೇ, ಮೀನು ಮರಿಮಾಡುವ ಮಳೆಗಾಲದಲ್ಲಿ ನಿರ್ಬಂಧವಿದೆಯೇ ಎಂಬುದನ್ನು ಸಂಬಂಧಪಟ್ಟ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಛೇರಿಯಲ್ಲಿ ವಿಚಾರಿಸಿ ತಿಳಿದುಕೊಳ್ಳಲು ಕೋರಲಾಗಿದೆ. ನದಿ ಮತ್ತು ಜಲಾಶಯಗಳಲ್ಲಿ ಮೊಸಳೆಗಳಿರುವ ಹಾಗೂ ಅಣೆಕಟ್ಟೆಯಿಂದ ನೀರು ಹಠಾತ್ತನೆ ಏರುವ ಸಂಭವವಿರುವುದರಿಂದ, ಸ್ಥಳೀಯರ ಸಲಹೆಯಿಲ್ಲದೆ ನೀರಿಗಿಳಿಯಬಾರದು.