ಕಾರಿನ ಮೇಲಿನ ನೀಲಿ ಕಲೆ

ಮಳೆಗಾಲದಲ್ಲಿ ಶಿರಸಿಯ ಹುಲೇಕಲ್ ಕಡೆಗೆ ಹೋಗಿದ್ದೀರಾ? ಅಡಿಕೆ ಕೊನೆಗಳಿಗೆ ಬೋರ್ಡೊ ದ್ರಾವಣ ಹೊಡೆಯುವಾಗ, ತೋಟದಂಚಿನಲ್ಲಿ ನಿಂತ ಕಾರು, ಬೈಕುಗಳ ಮೇಲೂ ಹನಿ ಸಿಡಿಯುತ್ತದೆ. ಒಣಗಿದರೆ ತಿಳಿನೀಲಿ ಕಲೆ. ನೀರು ಸುರಿದರೂ ಅದು ಹೋಗದು. ಏಕೆ? ಉತ್ತರ ಆ ಮದ್ದಿನ ಚರಿತ್ರೆಯಲ್ಲಿದೆ.

ಫ್ರಾನ್ಸಿನ ಬೋರ್ಡೊ ಪ್ರಾಂತ್ಯದ ರೈತರು, ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಕಲೆ ಎದ್ದು ಕಾಣಬೇಕೆಂಬುದೇ ಉದ್ದೇಶ! ಆ ಬಳ್ಳಿಗಳಿಗೆ ಬೂಜುರೋಗ ತಗಲದ್ದನ್ನು 1882ರಲ್ಲಿ ಸಸ್ಯವಿಜ್ಞಾನಿ ಮಿಲಾರ್ದೆ ಗಮನಿಸಿದರು. 1885ರಲ್ಲಿ ಮಿಶ್ರಣವನ್ನು ಪ್ರಕಟಿಸಿದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಬಳಸಿ ತೋರಿಸಿದರು. ಮಳೆಗೆ ತೊಳೆದುಹೋಗದಂತೆ ರಾಳದ ಅಂಟು ಬೆರೆಸುವ ರೂಢಿಯೂ ಬಂತು.

ಅಡಿಕೆಗೆ ಗುಣವಾದದ್ದೇ ಕಾರಿಗೆ ದೋಷವಾಯಿತು. ಸುಣ್ಣವು ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅದೂ ಜೊತೆಗಿರುವ ತಾಮ್ರದ ಸಂಯುಕ್ತಗಳೂ ನೀರಿನಲ್ಲಿ ಕರಗವು. ಒಣಬಟ್ಟೆಯಿಂದ ಉಜ್ಜಿದರೆ ಈ ಕಣಗಳು ಬಣ್ಣದ ಮೇಲಿನ ಪಾರದರ್ಶಕ ಪದರವನ್ನು ಗೀರುತ್ತವೆ. ಆ ಪದರದ ದಪ್ಪ ಮಿಲಿಮೀಟರಿನ ಹತ್ತನೇ ಒಂದಕ್ಕಿಂತಲೂ ಕಡಿಮೆ!

ಆದ್ದರಿಂದ ಹಸಿಯಿರುವಾಗಲೇ ಧಾರಾಳ ನೀರಿನಿಂದ ತೊಳೆಯಿರಿ. ಒಣಗಿದ್ದರೆ, ನೀರು ಬೆರೆಸಿದ ವಿನೆಗರ್‌ನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯನ್ನು ಕಲೆಯ ಮೇಲೆ ಒಂದೆರಡು ನಿಮಿಷ ಇಡಿ. ಅಸಿಟಿಕ್ ಆಮ್ಲದಿಂದ ಕ್ಯಾಲ್ಸಿಯಂ, ತಾಮ್ರ ಎರಡೂ ಕರಗುವ ಅಸಿಟೇಟ್‌ಗಳಾಗುತ್ತವೆ. ಬಳಿಕ ಸಾಬೂನು ನೀರಿನಿಂದ, ಕೊನೆಯಲ್ಲಿ ಬರಿನೀರಿನಿಂದ ತೊಳೆಯಿರಿ. ಬಣ್ಣ ಬಳಿದ ಹಳೆಯ ತಗಡಿನ ಮೇಲೆ ಮೊದಲು ಪ್ರಯೋಗ ಮಾಡಿ ನೋಡಬಹುದು.

ತೊಳೆದ ನೀರು ಹಳ್ಳ, ಬಾವಿ ಸೇರದಿರಲಿ. ಕೊಳೆರೋಗವನ್ನು ತಡೆಯುವ ತಾಮ್ರ ಮೀನಿಗೂ ವಿಷವೇ.