ಸ್ಪೀಡೋಮೀಟರ್ ತಪ್ಪು ತೋರಿಸಿದರೆ ಓವರ್‌ಸ್ಪೀಡ್ ದಂಡ ರದ್ದಾಗುತ್ತದೆಯೇ?

ಓವರ್‌ಸ್ಪೀಡ್ ಚಲನ್ ಮೊಬೈಲ್‌ಗೆ ಬಂದ ಕೂಡಲೇ ಹಲವರು ಹೇಳುವ ಮಾತು, "ನನ್ನ ಮೀಟರ್‌ನಲ್ಲಿ ಅಷ್ಟು ಇರಲೇ ಇಲ್ಲ". ಮೀಟರ್ ಕೆಟ್ಟಿತ್ತು ಎಂದು ತೋರಿಸಿದರೆ ದಂಡ ಕಟ್ಟಬೇಕಾಗಿಲ್ಲ ಎಂಬ ನಂಬಿಕೆಯೂ ಇದೆ. ಇದು ಬಹುಮಟ್ಟಿಗೆ ತಪ್ಪು. ಆದರೆ ಚಲನ್ ಪ್ರಶ್ನಿಸಲು ಬೇರೆ ದಾರಿಗಳಿವೆ.

ಸ್ಪೀಡೋಮೀಟರ್ ರಸ್ತೆಯನ್ನು ಅಳೆಯುವುದಿಲ್ಲ. ಚಕ್ರ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ, ಕಂಪನಿ ಅಳವಡಿಸಿದ ಟೈರಿನ ಸುತ್ತಳತೆಯ ಲೆಕ್ಕದಲ್ಲಿ ವೇಗ ತೋರಿಸುತ್ತದೆ. ಟೈರ್ ಬದಲಾದರೆ ಲೆಕ್ಕವೂ ತಪ್ಪುತ್ತದೆ. 185/65 ಆರ್15 ಟೈರಿನ ವ್ಯಾಸ ಸುಮಾರು 621 ಮಿ.ಮೀ. ಅದರ ಜಾಗದಲ್ಲಿ 205/65 ಆರ್15 ಹಾಕಿದರೆ ಸುಮಾರು 647 ಮಿ.ಮೀ., ಅಂದರೆ ಶೇ. 4ರಷ್ಟು ದೊಡ್ಡದು. ಮೀಟರ್ 80 ಎಂದಾಗ ಕಾರು 83ರಲ್ಲಿ ಓಡುತ್ತಿರುತ್ತದೆ. ಸವೆದ ಟೈರಿನದು ಇದಕ್ಕೆ ಉಲ್ಟಾ: ಚಕ್ರ ಚಿಕ್ಕದಾಗಿರುವುದರಿಂದ ಮೀಟರ್ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಗಾಳಿ ಕಡಿಮೆ ಇದ್ದರೂ ಸ್ವಲ್ಪಮಟ್ಟಿಗೆ ಹಾಗೆಯೇ. ಹಾಗಾಗಿ "ಟೈರ್ ಸವೆದಿತ್ತು, ಅದಕ್ಕೇ ವೇಗ ಗೊತ್ತಾಗಲಿಲ್ಲ" ಎಂಬ ಸಮಜಾಯಿಷಿಗೆ ಅರ್ಥವಿಲ್ಲ.

ಇನ್ನೊಂದು ವಿಷಯ. ಹಲವು ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 39ನೇ ನಿಯಮಾವಳಿಯ ಪ್ರಕಾರ ಕಾರಿನ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಹೆಚ್ಚು ತೋರಿಸಬಹುದು: ನಿಜವೇಗದ ಹತ್ತನೇ ಒಂದು ಭಾಗ, ಜೊತೆಗೆ 4 ಕಿ.ಮೀ.ವರೆಗೆ. ಅಂದರೆ ಕಾರು 80ರಲ್ಲಿದ್ದಾಗ ಮುಳ್ಳು 80ರಿಂದ 92ರ ನಡುವೆ ಎಲ್ಲಿದ್ದರೂ ಸರಿ. ಹೀಗೆ ತಯಾರಾದ ಮೀಟರ್ ನಿಮ್ಮನ್ನು ದಂಡಕ್ಕೆ ತಳ್ಳುವುದಕ್ಕಿಂತ ಅದರಿಂದ ಉಳಿಸುವುದೇ ಹೆಚ್ಚು.

ಈಗ ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ ಕೇಳುವುದು ಮಿತಿ ಮೀರಿ ಓಡಿಸಿದಿರಾ ಎಂದು ಮಾತ್ರ. ಗೊತ್ತಿದ್ದು ಓಡಿಸಿದಿರಾ ಎಂದು ಅದು ಕೇಳುವುದಿಲ್ಲ. ಲಘು ವಾಹನಕ್ಕೆ ದಂಡ 1,000ದಿಂದ 2,000 ರೂಪಾಯಿ. "ಮೀಟರ್ ಕಡಿಮೆ ತೋರಿಸಿತು" ಎಂದು ನೀವು ಬರೆದುಕೊಟ್ಟರೆ, ಆ ವೇಗದಲ್ಲಿ ಹೋಗಿದ್ದು ನಿಜ ಎಂದು ಒಪ್ಪಿಕೊಂಡಂತೆಯೇ ಆಯಿತು. ಸರಿಯಾದ ಮೀಟರ್ ಇಟ್ಟುಕೊಳ್ಳುವುದು ಕೇಂದ್ರ ಮೋಟಾರು ವಾಹನ ನಿಯಮ 117ರ ಪ್ರಕಾರ ನಿಮ್ಮದೇ ಹೊಣೆ. ನ್ಯಾಯಾಲಯದ ಮುಂದೆ ರಿಪೇರಿ ಬಿಲ್ ಇಟ್ಟು ದಂಡ ಕಡಿಮೆ ಮಾಡಿ ಎಂದು ಕೇಳಿಕೊಳ್ಳಬಹುದು, ಅಷ್ಟೇ.

ಹಾಗಾದರೆ ಪ್ರಶ್ನಿಸಬೇಕಾದ್ದು ಯಾವ ಮೀಟರನ್ನು? ಪೊಲೀಸರದನ್ನು. ಒಬ್ಬ ಸಾಕ್ಷಿ "ಜೋರಾಗಿ ಬಂದ ಹಾಗಿತ್ತು" ಎಂದು ಅಂದಾಜಿನಲ್ಲಿ ಹೇಳಿದರೆ ಸಾಲದು, ಅದಕ್ಕೆ ಯಂತ್ರದ ಅಳತೆಯ ಆಧಾರ ಬೇಕು ಎಂದು 183ನೇ ಸೆಕ್ಷನ್ನೇ ಹೇಳುತ್ತದೆ. ಆ ಯಂತ್ರಕ್ಕೂ ಕಟ್ಟುಪಾಡುಗಳಿವೆ. 2021ರಲ್ಲಿ ಸೇರಿದ ನಿಯಮ 167ಎ ಪ್ರಕಾರ ಕ್ಯಾಮೆರಾಕ್ಕೆ ರಾಜ್ಯ ಸರ್ಕಾರ ನೇಮಿಸಿದ ಪ್ರಾಧಿಕಾರದ ಪ್ರಮಾಣಪತ್ರ ಇರಬೇಕು, ಅದು ಪ್ರತಿವರ್ಷ ನವೀಕರಣವಾಗಬೇಕು. ಕ್ಯಾಮೆರಾ ಇರುವ ರಸ್ತೆಯಲ್ಲಿ ಮೊದಲೇ ಎಚ್ಚರಿಕೆ ಫಲಕ ಇರಬೇಕು. ನೋಟಿಸ್ 15 ದಿನದೊಳಗೆ ಕಳಿಸಬೇಕು. ಚಲನ್‌ನಲ್ಲಿ ನಂಬರ್ ಪ್ಲೇಟ್ ಕಾಣುವ ಫೋಟೊ, ಅಳೆದ ವೇಗ, ದಿನಾಂಕ, ಸಮಯ, ಸ್ಥಳ ಎಲ್ಲವೂ ಬೇಕು.

ಚಲನ್ ಬಂದಾಗ ಮೊದಲು ಫೋಟೊ ದೊಡ್ಡದು ಮಾಡಿ ನೋಡಿ. 3 ಮತ್ತು 8 ಅದಲುಬದಲಾಗಿ ಬೇರೆಯವರ ಗಾಡಿಯ ದಂಡ ನಿಮಗೆ ಬಂದಿರಬಹುದು, ನಕಲಿ ನಂಬರ್ ಪ್ಲೇಟೂ ಇರಬಹುದು. ಗಾಡಿಯ ಬಣ್ಣ, ಮಾಡೆಲ್ ಹೋಲಿಸಿದರೆ ತಿಳಿಯುತ್ತದೆ. ನಂತರ ಆ ಜಾಗದ ವೇಗಮಿತಿ ಚಲನ್‌ನಲ್ಲಿ ಬರೆದಿರುವುದಕ್ಕೆ ಹೊಂದುತ್ತದೆಯೇ ನೋಡಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ 100 ಕಿ.ಮೀ., ಅಲ್ಲಿಂದ ನಗರದೊಳಗೆ ಬಂದರೆ ಮಿತಿ ಬೇರೆ. ಇಷ್ಟರಲ್ಲಿ ಏನೂ ತಪ್ಪು ಸಿಗದಿದ್ದರೆ ಉಪಕರಣದ ಪ್ರಮಾಣಪತ್ರದ ಪ್ರತಿ ಕೇಳಿ. ಸುಮ್ಮನೆ "ಕ್ಯಾಮೆರಾ ಸರಿಯಿಲ್ಲ" ಎನ್ನುವುದಕ್ಕಿಂತ, ಅಳೆದ ದಿನ ಆ ಪ್ರಮಾಣಪತ್ರ ಚಾಲ್ತಿಯಲ್ಲಿತ್ತೇ ಎಂಬ ಪ್ರಶ್ನೆಗೆ ತೂಕ ಹೆಚ್ಚು.

ನಿಮ್ಮ ಮೀಟರನ್ನು ಪರೀಕ್ಷಿಸುವುದು ಕಷ್ಟವಲ್ಲ. ಖಾಲಿ, ನೇರ ಹೆದ್ದಾರಿಯಲ್ಲಿ ಮುಳ್ಳನ್ನು 80ಕ್ಕೆ ಹಿಡಿದು, ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನದಕ್ಕೆ ಎಷ್ಟು ಹೊತ್ತು ಎಂದು ಪಕ್ಕದಲ್ಲಿ ಕೂತವರು ನೋಡಲಿ. 45 ಸೆಕೆಂಡ್ ಆದರೆ ಮೀಟರ್ ಸರಿ. 48 ಆದರೆ ನಿಜವೇಗ 75. 43 ಆದರೆ ಸುಮಾರು 84, ಅಂದರೆ ಮೀಟರ್ ಕಡಿಮೆ ತೋರಿಸುತ್ತಿದೆ, ಟೈರ್ ಅಳತೆ ನೋಡಿಸಿ. ಕಲ್ಲುಗಳು ಎಲ್ಲೆಡೆ ಕರಾರುವಾಕ್ಕಾಗಿ ನೆಟ್ಟಿರುವುದಿಲ್ಲವಾದ್ದರಿಂದ ನಾಲ್ಕೈದು ಕಿಲೋಮೀಟರ್‌ಗಳ ಸರಾಸರಿ ತೆಗೆಯಿರಿ. ಫೋನಿನ ಜಿಪಿಎಸ್ ಆ್ಯಪ್ ಕೂಡ ಸಮವೇಗದಲ್ಲಿ ಚೆನ್ನಾಗಿಯೇ ತೋರಿಸುತ್ತದೆ, ಸುರಂಗದಲ್ಲಿ ಅಥವಾ ಫ್ಲೈಓವರ್ ಕೆಳಗೆ ನಂಬಬೇಡಿ.

ತಕರಾರು ಹೂಡುವ ಯೋಚನೆ ಇದ್ದರೆ ಅದಕ್ಕೂ ಮೊದಲು ದಂಡ ಕಟ್ಟಬೇಡಿ. ಕಟ್ಟಿದರೆ ಪ್ರಕರಣ ಅಲ್ಲಿಗೇ ಮುಗಿದಂತೆ. ಹಾಗೆಂದು ಸುಮ್ಮನೆ ಕೂರುವುದೂ ಬೇಡ, ಚಲನ್‌ನಲ್ಲಿ ಕೊಟ್ಟಿರುವ ಗಡುವಿನೊಳಗೆ ಆಕ್ಷೇಪಣೆಯನ್ನು ಫೋಟೊಗಳ ಸಮೇತ ಲಿಖಿತವಾಗಿ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳಿ.