ಯಾರೂ ಹೇಳದ 'ಬಿ' ಅಕ್ಷರದ ಕಥೆ

ಬೆಂಗಳೂರಿಗೆ ಬಂದು ಮೊದಲ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಒಂದು ಮೀಟಿಂಗಿನಲ್ಲಿ ಧೈರ್ಯ ಮಾಡಿ ಬಾಯಿಬಿಟ್ಟೆ. ಅವಸರಕ್ಕೆ ತೇಪೆ ಹಾಕಿದ ಕೋಡನ್ನು ಸರಿಮಾಡದೆ ಬಿಟ್ಟರೆ ಮುಂದೆ ಬಡ್ಡಿ ಸಮೇತ ಕಟ್ಟಬೇಕಾಗುತ್ತೆ ಅನ್ನೋದಕ್ಕೆ ನಮ್ಮ ಕಸುಬಿನಲ್ಲಿ 'ಟೆಕ್ನಿಕಲ್ ಡೆಟ್' ಅಂತಾರೆ. 1992ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಕೊಟ್ಟ ಹೋಲಿಕೆ. ನಾನು ಅದನ್ನು 'ಡೆಬ್ಟ್' ಅಂದೆ, ಬಿ ಅಕ್ಷರವನ್ನು ಒತ್ತಿ, ಸ್ಪಷ್ಟವಾಗಿ. ಎದುರಿಗೆ ಕೂತಿದ್ದವರೊಬ್ಬರು ಅದನ್ನೇ ಮೆಲ್ಲಗೆ ಅಣಕಿಸಿದರು. ನಾಲ್ಕೈದು ಜನ ನಕ್ಕರು. ನಾನು ಹೇಳಹೊರಟಿದ್ದ ವಿಷಯ ಸರಿಯಾಗೇ ಇತ್ತು. ಅದು ಯಾರಿಗೂ ಕೇಳಿಸಲಿಲ್ಲ.

ನನ್ನ ಬಿಇಗಾಗಿ ಅಪ್ಪ ಮಾಡಿದ ಸಾಲ ಆಗಿನ್ನೂ ತೀರಿರಲಿಲ್ಲ. ಡೆಟ್ ಅಂದರೇನು ಅಂತ ಆ ರೂಮಿನಲ್ಲಿ ನನಗಿಂತ ಚೆನ್ನಾಗಿ ಗೊತ್ತಿದ್ದವರು ಇದ್ದರೋ ಇಲ್ಲವೋ. ಆದರೂ ಆಮೇಲೆ ಸುಮಾರು ಒಂದು ವರ್ಷ ಮೀಟಿಂಗುಗಳಲ್ಲಿ ನಾನು ಬಾಯಿ ತೆರೆದದ್ದು ಅಪರೂಪ.

ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮಿನಲ್ಲಿ ಓದಿದವನು ನಾನು. ಬರೆದಿರೋದನ್ನು ಓದೋದು, ಓದಿದ ಹಾಗೇ ಹೇಳೋದು ನಮಗೆ ಅಭ್ಯಾಸ. ಹೇಳದೇ ಇರೋ ಅಕ್ಷರವನ್ನು ಬರೆಯೋದಾದರೂ ಯಾಕೆ? ಈ ಸಿಟ್ಟಿನಲ್ಲೇ ಆ 'ಬಿ' ಎಲ್ಲಿಂದ ಬಂತು ಅಂತ ಹುಡುಕಿದೆ. ಸಿಕ್ಕ ಉತ್ತರ ನೋಡಿ ನಗು ಬಂತು.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅಲ್ಲಿಂದ ಮುಂದೆ ಬಹಳ ಕಾಲ ಅರಮನೆ, ಕೋರ್ಟು, ದೊಡ್ಡವರ ಮನೆಗಳಲ್ಲಿ ಫ್ರೆಂಚ್ ನಡೆಯಿತು. ಸಾಲಕ್ಕೆ 'ಡೆಟ್', ಸಂಶಯಕ್ಕೆ 'ಡೌಟ್' ಅನ್ನೋ ಪದಗಳು ಇಂಗ್ಲಿಷಿಗೆ ಬಂದದ್ದು ಆ ದಾರಿಯಲ್ಲಿ. ಬಂದಾಗ ಅವುಗಳಲ್ಲಿ ಬಿ ಇರಲಿಲ್ಲ, ಬಾಯಲ್ಲೂ ಇಲ್ಲ, ಬರಹದಲ್ಲೂ ಇಲ್ಲ.

ಮುಂದೆ ಯುರೋಪಿನಲ್ಲಿ ಲ್ಯಾಟಿನ್ ಮೇಲೆ ಭಕ್ತಿ ಹೆಚ್ಚಾಯಿತು. ಪಂಡಿತರು ಪದಗಳ ಕುಲಗೋತ್ರ ಹುಡುಕಿದರು. ಸಾಲಕ್ಕೆ ಲ್ಯಾಟಿನ್ನಿನಲ್ಲಿ 'ಡೆಬಿಟುಮ್', ಸಂಶಯಪಡುವುದಕ್ಕೆ 'ದುಬಿತಾರೆ'. ಎರಡರಲ್ಲೂ ಬಿ ಇದೆಯಲ್ಲ, ಮಗನಿಗೆ ತಾತನ ಮೂಗು ಇಲ್ಲದಿದ್ದರೆ ಹೇಗೆ ಅಂತ ಬರಹದಲ್ಲಿ ಬಿ ಅಂಟಿಸಿಬಿಟ್ಟರು. 'ಸಟಲ್' ಅಂದರೆ ಸೂಕ್ಷ್ಮ. ಅದಕ್ಕೂ ಹೀಗೇ ಬಿ ಬಂತು. 'ರಿಸೀಟ್'ಗೆ ಪಿ ಸಿಕ್ಕಿತು. ತಮಾಷೆ ನೋಡಿ, ಅದೇ ಮನೆತನದ 'ಡಿಸೀಟ್', 'ಕನ್ಸೀಟ್'ಗಳಿಗೆ ಆ ಪಿ ನಿಲ್ಲಲಿಲ್ಲ. ಆರೋಪ ಹೊರಿಸೋದಕ್ಕೆ 'ಇಂಡೈಟ್' ಅಂತಾರೆ, ಅದರ ಹೊಟ್ಟೆಯೊಳಗೆ ಮಾತಾಡದ ಸಿ ಕೂತಿದೆ. ಆಹಾರ ಸಾಮಗ್ರಿಗೆ 'ವಿಟಲ್ಸ್' ಅನ್ನೋ ಹಳೇ ಪದವಿದೆ. ಬರೆದದ್ದನ್ನು ನೋಡಿ ಓದಿದರೆ 'ವಿಕ್ಚುವಲ್ಸ್' ಆಗುತ್ತೆ.

ಇಷ್ಟಾದರೂ ಇವಕ್ಕೆಲ್ಲ ಲ್ಯಾಟಿನ್ ಆಧಾರವಿತ್ತು. ಕೆಲವಕ್ಕೆ ಅದೂ ಇಲ್ಲ. 'ಐಲ್ಯಾಂಡ್' ಅಪ್ಪಟ ಹಳೇ ಇಂಗ್ಲಿಷ್ ಪದ. ಫ್ರೆಂಚಿನಿಂದ ಬಂದ 'ಐಲ್' ಅದರ ಸಂಬಂಧಿ ಅಂತ ತಪ್ಪಾಗಿ ತಿಳಿದು ಎಸ್ ಸೇರಿಸಿದರು. ಸ್ಕಾಟ್‌ಲೆಂಡಿನ ಚಳಿ ಬೆಟ್ಟಗಳಲ್ಲಿ 'ಟಾರ್ಮಿಗನ್' ಅನ್ನೋ ಹಕ್ಕಿಯಿದೆ. ಹೆಸರು ಗೇಲಿಕ್ ಭಾಷೆಯದು. ಗ್ರೀಕ್ ಇರಬೇಕು ಅಂದುಕೊಂಡು ಅದರ ಮುಂದೆ ಒಂದು ಪಿ ಇಟ್ಟರು. ಹೆಬ್ಬೆರಳಿನ 'ಥಂಬ್'ನಲ್ಲಿರುವ ಬಿ ಕೂಡ ಮೂಲದಲ್ಲಿ ಇದ್ದದ್ದಲ್ಲ. ಕುರಿಮರಿಯ 'ಲ್ಯಾಂಬ್'ನಲ್ಲಿ ಮಾತ್ರ ಒಂದು ಕಾಲದಲ್ಲಿ ನಿಜವಾಗಿ ಬಿ ಹೇಳ್ತಿದ್ದರು.

ಹಾಗಾದರೆ ಆಮೇಲೆ ಯಾಕೆ ಸರಿಮಾಡಲಿಲ್ಲ? ಸಾಫ್ಟ್‌ವೇರಿನವರಿಗೆ ಈ ಉತ್ತರ ಹೇಳಿಕೊಡಬೇಕಾಗಿಲ್ಲ. 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಹಾಕಿದ. ಪುಸ್ತಕಗಳು ಹರಡಿದವು, ಕಣ್ಣಿಗೆ ರೂಢಿಯಾಯಿತು. 1755ರ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟು ಬಂದ ಮೇಲೆ ಕಾಗುಣಿತ ಇನ್ನಷ್ಟು ಗಟ್ಟಿಯಾಯಿತು. 'ಕಲರ್'ನ ಯು ಕಿತ್ತುಹಾಕಿದ ಅಮೆರಿಕದ ನೋವಾ ವೆಬ್‌ಸ್ಟರ್ ಕೂಡ 1828ರ ತನ್ನ ನಿಘಂಟಿನಲ್ಲಿ ಡೆಟ್‌ನ ಬಿ ಮುಟ್ಟಲಿಲ್ಲ. ಪ್ರೊಡಕ್ಷನ್ನಿಗೆ ಹೋದ ಕೋಡು, ಈಗ ಯಾರು ಕೈ ಹಾಕ್ತಾರೆ? ಸಾಲ ಅನ್ನೋ ಪದದೊಳಗೇ ತೀರಿಸದ ಸಾಲವೊಂದು ಕೂತುಬಿಟ್ಟಿದೆ. ಫ್ರೆಂಚರು ಮಾತ್ರ ಇವತ್ತೂ ಆ ಎರಡು ಪದಗಳನ್ನು ಬಿ ಇಲ್ಲದೆ ಆರಾಮಾಗಿ ಬರೀತಿದ್ದಾರೆ.

ಶೇಕ್ಸ್‌ಪಿಯರನ 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕ 1598ರಲ್ಲಿ ಅಚ್ಚಾಯಿತು. ಅದರಲ್ಲಿ ಹೊಲೊಫರ್ನಿಸ್ ಅನ್ನೋ ಮೇಷ್ಟರಿದ್ದಾರೆ. ಡೆಟ್, ಡೌಟ್ ಪದಗಳಲ್ಲಿ ಬಿ ಹೇಳದೇ ಇರೋರನ್ನು ಕಂಡರೆ ಅವರಿಗೆ ಆಗೋದಿಲ್ಲ. ನೋಡುವವರು ನಗಲಿ ಅಂತಲೇ ಮಾಡಿದ ಪಾತ್ರ. ಅಂದರೆ ನಾನಾಡಿದ ಉಚ್ಚಾರಕ್ಕೆ ನಾನೂರು ವರ್ಷದ ಹಿಂದೆ ಲಂಡನ್ನಿನಲ್ಲೂ ಜನ ನಕ್ಕಿದ್ದರು! ವ್ಯತ್ಯಾಸ ಇಷ್ಟೇ: ಅಲ್ಲಿ ನಗಿಸಿಕೊಂಡವರು ಅತಿ ಓದಿದ ಮೇಷ್ಟರು, ಇಲ್ಲಿ ಹಳ್ಳಿಯಿಂದ ಬಂದ ಹುಡುಗ.

ನಮ್ಮ ಕನ್ನಡ ಈ ವಿಷಯದಲ್ಲಿ ಸ್ವಲ್ಪ ಜಾಣ. ಹಳಗನ್ನಡದಲ್ಲಿ 'ಮೞೆ' ಅಂತಿತ್ತು. ಆ ೞಕಾರದ ಸದ್ದು ಬಾಯಿಂದ ಹೋದ ಮೇಲೆ ಬರಹದಿಂದಲೂ ಹೋಯಿತು, 'ಮಳೆ' ಉಳಿಯಿತು. ಹಾಗಂತ ನಾವು ನಗೋದನ್ನೇನೂ ಬಿಟ್ಟಿಲ್ಲ. ನಮ್ಮೂರ ಕಡೆ ಹಾಲಿಗೆ 'ಆಲು' ಅಂತಾರೆ, ಹಾಸನಕ್ಕೆ 'ಆಸನ' ಅಂತಾರೆ. ಕಾಲೇಜು ಸೇರಿದ ಹೊಸದರಲ್ಲಿ, ಗೆಳೆಯರ ಎದುರಿಗೆ ಅಪ್ಪ ಹಾಗೆ ಮಾತಾಡಿದಾಗ ನಾನೇ ತಿದ್ದಿದ್ದೆ. ಅಪ್ಪ ಏನೂ ಅನ್ನಲಿಲ್ಲ, ಅಲ್ಲಿಂದ ಮುಂದೆ ಅವತ್ತು ಮಾತೇ ಆಡಲಿಲ್ಲ. ಆ ಮೀಟಿಂಗ್ ಮುಗಿದು ನನ್ನ ಸೀಟಿಗೆ ಬಂದು ಕೂತಾಗ ನೆನಪಾದದ್ದು ಅಪ್ಪನ ಆ ಮುಖ.

ಹೋದ ತಿಂಗಳು ನಮ್ಮ ಟೀಮಿಗೆ ಉತ್ತರ ಕರ್ನಾಟಕದ ಹುಡುಗನೊಬ್ಬ ಸೇರಿದ. ಮೊದಲ ವಾರವೇ ನಮ್ಮ ಹಳೇ ಮಾಡ್ಯೂಲಿನ ಬಗ್ಗೆ ಮಾತಾಡುತ್ತಾ 'ಟೆಕ್ನಿಕಲ್ ಡೆಬ್ಟ್' ಅಂದ. ಯಾರೋ ತುಟಿ ಕಚ್ಚಿ ನಗು ತಡೆದರು. ನಾನು ತಿದ್ದಲಿಲ್ಲ. "ಎಲ್ಲೆಲ್ಲಿ ಇದೆ, ಒಂದು ಪಟ್ಟಿ ಮಾಡಿ ಕೊಡ್ತೀಯಾ?" ಅಂತ ಕೇಳಿದೆ. ಅವನು ಎದ್ದು ಬೋರ್ಡಿನ ಹತ್ತಿರ ಹೋಗಿ ಬರೆಯೋಕೆ ಶುರು ಮಾಡಿದ. ಹನ್ನೊಂದು ಕಡೆ ಇತ್ತು.